ಶಿಶುಚಿತ್ರಕಲೆ ಮತ್ತು ಅದರ ಶಿಕ್ಷಣ: ಇತಿಹಾಸ

ಎಳೆಯ ಮಕ್ಕಳು ತಮ್ಮ ಅನುಭವ ಮತ್ತು ಕಲ್ಪನೆಗಳಿಂದ ತಾವಾಗಿ ರಚಿಸುವ ಚಿತ್ರಗಳು ಪ್ರೌಢರ ಕಲೆಯ ಅಪಕ್ವ ಅನುಕರಣಗಳಲ್ಲ, ಸ್ವಂತ ನಿಯಮಗಳುಳ್ಳ ಅಭಿವ್ಯಕ್ತಿಗಳು ಎಂಬ ಅರಿವು ಶಿಕ್ಷಣಕ್ಷೇತ್ರದಲ್ಲಿ ಬಲಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಅರಿವಿನಿಂದ ಹೊರಟು ಮಗುವಿನ ಸೃಜನಶಕ್ತಿಯನ್ನು ಪೋಷಿಸಲು ಯುರೋಪು ಮತ್ತು ಭಾರತಗಳಲ್ಲಿ ನಡೆದ ಪ್ರಯತ್ನಗಳೇ ಈ ಲೇಖನದ ವಿಷಯ. ಪ್ರಚಲಿತ ನಿರೂಪಣೆಗಳು ಈ ಚರಿತ್ರೆಯನ್ನು ಬಂಧನದಿಂದ ಸ್ವಾತಂತ್ರ್ಯದ ಕಡೆಗೆ ನಡೆದ ನೇರವಾದ ಮುನ್ನಡೆಯೆಂಬಂತೆ ವರ್ಣಿಸುವುದುಂಟು. ಆದರೆ ಉಳಿದುಬಂದಿರುವ ತರಗತಿಯ ವಿವರಗಳನ್ನೂ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಗುರುವಿನ ಮಾರ್ಗದರ್ಶನ ಎಲ್ಲಿಗೆ ನಿಲ್ಲಬೇಕು, ಮಗುವಿನ ಸ್ವೇಚ್ಛೆ ಎಲ್ಲಿಂದ ಮೊದಲಾಗಬೇಕು ಎಂಬ ವಿವಾದವೇ ಅದರ ಆದ್ಯಂತ ಹರಿದಿರುವುದು ಕಂಡುಬರುತ್ತದೆ.

ಪೂರ್ವಪೀಠಿಕೆ: ಬಾಲ್ಯಕ್ಕೆ ತನ್ನದೇ ಆದ ಸ್ವರೂಪವುಂಟೆಂಬುದನ್ನು ತತ್ತ್ವಜ್ಞಾನಿ ರೂಸೋ 1762ರಲ್ಲಿ ಪ್ರಕಟವಾದ ‘ಎಮಿಲ್’ ಗ್ರಂಥದಲ್ಲಿ ಪ್ರತಿಪಾದಿಸಿದನು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ಶಿಶುಗಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ನಾಮಕರಣ ಮಾಡಿ, ಮರದ ಚೆಂಡು, ಘನ, ಕಡ್ಡಿಗಳ ಜೊತೆಗೆ ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣಿನಲ್ಲಿ ರೂಪಿಸುವುದು ಮೊದಲಾದ ಕೈಕೆಲಸಗಳನ್ನು ಕಲಿಕೆಯ ಭಾಗವಾಗಿಸಿದನು. 1851ರಲ್ಲಿ ಪ್ರಷ್ಯದ ಸರ್ಕಾರ ಈ ಶಾಲೆಗಳನ್ನು ನಿಷೇಧಿಸಿತು. ಸಮಾಜವಾದಿಯಾಗಿದ್ದ ಅವನ ಸೋದರನ ಮಗ ಕಾರ್ಲ್ ಫ್ರೋಬೆಲ್‌ನ ಬರಹಗಳನ್ನು ಇವನದೆಂದು ತಪ್ಪಾಗಿ ತಿಳಿದುದೇ ನಿಷೇಧಕ್ಕೆ ಕಾರಣವೆಂದು ಅನೇಕರು ಬರೆದಿದ್ದಾರೆ. ಆದರೆ ವಿಷಯವನ್ನು ಸ್ಪಷ್ಟಪಡಿಸಿದ ಮೇಲೂ ಆಜ್ಞೆ 1860ರವರೆಗೆ ಜಾರಿಯಲ್ಲಿದ್ದಿತಾದ ಕಾರಣ, ಹೆಸರಿನ ಗೊಂದಲವೊಂದನ್ನೇ ಕಾರಣವೆಂದು ಒಪ್ಪುವುದು ಕಷ್ಟ. ಅಂದಿನ ರಾಜಕೀಯ ಭೀತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮಕ್ಕಳ ಚಿತ್ರಗಳನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ಮೊದಲಿಗರಲ್ಲಿ ಇಟಲಿಯ ಕೊರಾದೊ ರಿಚ್ಚಿ ಒಬ್ಬನು. ಬೊಲೋನ್ಯ ನಗರದಲ್ಲಿ ಮಳೆಗೆ ಸಿಲುಕಿ ಕಮಾನುಗಳ ಕೆಳಗೆ ನಿಂತಿದ್ದಾಗ ಗೋಡೆಯ ಮೇಲೆ ಮಕ್ಕಳು ಗೀಚಿದ್ದ ಚಿತ್ರಗಳು ಇವನ ಕುತೂಹಲವನ್ನು ಕೆರಳಿಸಿದವು. ಅದರ ಫಲವಾಗಿ 1887ರಲ್ಲಿ ಮಕ್ಕಳ ಕಲೆಯನ್ನು ಕುರಿತ ಅವನ ಕಿರುಹೊತ್ತಗೆ ಹೊರಬಂದಿತು. ಇಂಗ್ಲೆಂಡಿನಲ್ಲಿ, ಮಕ್ಕಳ ಚಿತ್ರಗಳನ್ನೂ ಚರ್ಚಿಸಿದ ಮನೋವಿಜ್ಞಾನಿ ಜೇಮ್ಸ್ ಸಲ್ಲಿಯ ಬಾಲ್ಯಾಧ್ಯಯನ ಗ್ರಂಥ 1895ರಲ್ಲಿ ಪ್ರಕಟವಾಯಿತು.

ಚಿಜೆಕ್ ಮತ್ತು ವಿಯೆನ್ನದ ತರಗತಿ: ಬೊಹೀಮಿಯದಲ್ಲಿ ಜನಿಸಿದ ಫ್ರಾಂಟ್ಸ್ ಚಿಜೆಕ್ (1865-1946) ಕಲಾವಿದ್ಯಾರ್ಥಿಯಾಗಿ 1885ರಲ್ಲಿ ವಿಯೆನ್ನಕ್ಕೆ ಬಂದು ಬಡಗಿಯೊಬ್ಬನ ಮನೆಯಲ್ಲಿ ವಾಸವಾಗಿದ್ದಾಗ, ಆ ಮನೆಯ ಮಕ್ಕಳು ತಮಗೆ ತೋಚಿದಂತೆ ಬಿಡಿಸುತ್ತಿದ್ದ ಚಿತ್ರಗಳು ಅವನ ಮನಸ್ಸನ್ನು ಸೆರೆಹಿಡಿದವು. 1897ರಲ್ಲಿ ಅವನು ತೆರೆದ ಬಾಲಕಲಾತರಗತಿ ಮುಂದೆ ನಗರದ ಕಲಾಕೈಗಾರಿಕಾ ಶಾಲೆಯ ಅಂಗವಾಗಿ 1938ರವರೆಗೆ ನಡೆಯಿತು. ಒಂದನೆಯ ಮಹಾಯುದ್ಧದಿಂದ ಬಳಲಿದ್ದ ಮಕ್ಕಳ ನೆರವಿಗಾಗಿ ದುಡಿಯುತ್ತಿದ್ದ ಫ್ರಾನ್ಸೆಸ್ಕಾ ವಿಲ್ಸನ್ 1920ರಿಂದ ಇಂಗ್ಲೆಂಡಿನಲ್ಲಿ ಈ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದಂದಿನಿಂದ ಚಿಜೆಕ್‌ನ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ತಾನು ಏನನ್ನೂ ಕಲಿಸುವುದಿಲ್ಲ, ಮಕ್ಕಳನ್ನು ಬೆಳೆಯಗೊಡುತ್ತೇನೆ ಎಂಬ ಅರ್ಥದ ಅವನ ಮಾತು ಬೋಧಕರಲ್ಲಿ ಮಂತ್ರಪ್ರಾಯವಾಯಿತು.

ಈ ಕೀರ್ತಿಯ ಕುರಿತಾಗಿಯೇ ದೀರ್ಘವಾದ ವಿವಾದವಿದೆ. ಪ್ರದರ್ಶನದಲ್ಲಿದ್ದ ಮರದಚ್ಚು ಮತ್ತು ಲಿನೋಲಿಯಂ ಅಚ್ಚಿನ ಚಿತ್ರಗಳಲ್ಲಿ ಬೇರೆಬೇರೆ ಮಕ್ಕಳ ಕೈ ಇದ್ದರೂ ಶೈಲಿ ಬಹುಮಟ್ಟಿಗೆ ಒಂದೇ ಆಗಿದ್ದು, ಅಂದಿನ ವಿಯೆನ್ನದ ಅಲಂಕಾರಪ್ರಿಯತೆ ಅವುಗಳಲ್ಲಿ ಎದ್ದುಕಾಣುತ್ತಿದ್ದಿತು. ವಿಲ್ಸನ್ ತಾನೇ ಪ್ರಕಟಿಸಿದ ಪುಸ್ತಿಕೆಯೊಂದರಲ್ಲಿ ಶರತ್ಕಾಲವನ್ನು ವಿಷಯವಾಗಿ ಕೊಟ್ಟು ಚಿಜೆಕ್ ನಡೆಸಿದ ಪಾಠದ ವರ್ಣನೆಯಿದೆ. ಅದರಲ್ಲಿ ಕಾಣುವ ಗುರು ಮೌನಪ್ರೇಕ್ಷಕನಲ್ಲ. ವಸ್ತುವನ್ನು ಸೂಚಿಸಿ, ಚಿತ್ರದ ಗಾತ್ರ ಮತ್ತು ರಚನೆಗಳನ್ನು ಕುರಿತು ಹೇಳಿ, ಕೊನೆಯಲ್ಲಿ ಎಲ್ಲರ ಕೃತಿಗಳನ್ನೂ ವಿಮರ್ಶಿಸುವ ಸಮರ್ಥ ಬೋಧಕ. ಹೀಗಿರುವಲ್ಲಿ ಅವನ ಸಾಧನೆಯನ್ನು ಅಲ್ಲಗಳೆಯಬೇಕಾದುದಿಲ್ಲ. ಮಕ್ಕಳಿಂದ ನಕಲು ಮಾಡಿಸುವ ಪದ್ಧತಿಯನ್ನು ಕೈಬಿಟ್ಟು, ಅವರ ಮನಸ್ಸಿನ ಚಿತ್ರಕ್ಕೆ ಗೌರವವನ್ನು ಸಂಪಾದಿಸಿಕೊಟ್ಟವರಲ್ಲಿ ಅವನು ಅಗ್ರಗಣ್ಯನು. ಸಂದೇಹಕ್ಕೆ ಒಳಗಾಗಬೇಕಾದದ್ದು ಅವನು ಏನನ್ನೂ ಕಲಿಸಲಿಲ್ಲವೆಂಬ ಐತಿಹ್ಯ ಮಾತ್ರ.

ಇಂಗ್ಲೆಂಡಿನ ಮೇರಿಯನ್ ರಿಚರ್ಡ್‌ಸನ್ (1892-1946) ಗುರುವಿನ ಮಾರ್ಗದರ್ಶನ ಎಷ್ಟಿರಬೇಕೆಂಬ ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕಂಡುಕೊಂಡಳು. 1912ರಿಂದ ಡಡ್ಲಿಯ ಬಾಲಿಕಾ ಪ್ರೌಢಶಾಲೆಯಲ್ಲಿ ಬೋಧಕಿಯಾಗಿದ್ದ ಈಕೆ, ವಿದ್ಯಾರ್ಥಿನಿಯರು ಕಣ್ಣು ಮುಚ್ಚಿ ಕುಳಿತಿರುವಾಗ ದೃಶ್ಯವೊಂದನ್ನು ಮಾತಿನಲ್ಲಿ ವರ್ಣಿಸಿ, ಮನಸ್ಸಿನಲ್ಲಿ ಮೂಡಿದುದನ್ನು ಚಿತ್ರಿಸಲು ಹೇಳುತ್ತಿದ್ದಳು. ಕಲಾವಿಮರ್ಶಕ ರೋಜರ್ ಫ್ರೈ 1917ರಲ್ಲಿ ಈ ಚಿತ್ರಗಳನ್ನು ಕಂಡು ಮೆಚ್ಚಿದನು. 1943ರಲ್ಲಿ ಹರ್ಬರ್ಟ್ ರೀಡ್‌ನ ಕಲಾಶಿಕ್ಷಣಗ್ರಂಥವೂ 1947ರಲ್ಲಿ ವಿಯೆನ್ನದಿಂದ ಅಮೆರಿಕಕ್ಕೆ ವಲಸೆಹೋಗಿದ್ದ ವಿಕ್ಟರ್ ಲೋವನ್‌ಫೆಲ್ಡ್‌ನ ಗ್ರಂಥವೂ ಪ್ರಕಟವಾದ ಮೇಲೆ ಈ ವಿಚಾರಗಳು ಶಾಲಾಪಠ್ಯಕ್ರಮದೊಳಕ್ಕೆ ಪ್ರವೇಶಿಸಿದವು.

ಟೆರೆಜೀನ್‌ನ ಚಿತ್ರಗಳು: ಈ ಚರಿತ್ರೆಯ ಅತ್ಯಂತ ದಾರುಣವಾದ ಅಧ್ಯಾಯ ಎರಡನೆಯ ಮಹಾಯುದ್ಧದ ಕಾಲಕ್ಕೆ ಸೇರಿದ್ದು. ವಿಯೆನ್ನದಲ್ಲಿ 1898ರಲ್ಲಿ ಹುಟ್ಟಿ, ವೈಮಾರ್‌ನ ಬೌಹೌಸ್ ಶಾಲೆಯಲ್ಲಿ ಶಿಕ್ಷಣ ಪಡೆದ ಫ್ರೀಡ್ಲ್ ಡಿಕರ್-ಬ್ರಾಂಡೈಸ್‌ಳನ್ನು 1942ರ ಡಿಸೆಂಬರಿನಲ್ಲಿ ನಾಜಿಗಳು ಟೆರೆಜೀನ್ ಎಂಬಲ್ಲಿಯ ಯೆಹೂದ್ಯರ ಬಂಧನನಗರಕ್ಕೆ ಸಾಗಿಸಿದರು. ಅಲ್ಲಿ ಈಕೆ ದೊರೆತ ಹಳೆಯ ಕಾಗದದ ಚೂರುಗಳ ಮೇಲೆಯೇ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸಿದಳು. ಲಯದ ಅಭ್ಯಾಸ, ವಸ್ತುಗಳ ಸೂಕ್ಷ್ಮವೀಕ್ಷಣೆ, ಕಾಗದದ ತುಣುಕುಗಳನ್ನು ಅಂಟಿಸಿ ಚಿತ್ರ ರೂಪಿಸುವುದು ಇವು ಆಕೆಯ ಪಾಠಗಳಲ್ಲಿ ಸೇರಿದ್ದವು. 1943ರಲ್ಲಿ ಮಕ್ಕಳ ಚಿತ್ರಗಳನ್ನು ಕುರಿತು ಅಲ್ಲಿಯ ಶಿಕ್ಷಕರ ಮುಂದೆ ಉಪನ್ಯಾಸವನ್ನೂ ಮಾಡಿದಳು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್‌ವಿಟ್ಸ್‌ಗೆ ಒಯ್ದು ಕೊಲ್ಲಲಾಯಿತು. ಹೊರಡುವ ಮುನ್ನ ಎರಡು ಪೆಟ್ಟಿಗೆಗಳಲ್ಲಿ ತುಂಬಿಸಿಟ್ಟ ಸುಮಾರು 4,500 ಚಿತ್ರಗಳು ಯುದ್ಧಾನಂತರ ಪ್ರಾಗ್ ನಗರವನ್ನು ತಲಪಿ, ಈಗ ಅಲ್ಲಿಯ ಯೆಹೂದ್ಯ ವಸ್ತುಸಂಗ್ರಹಾಲಯದಲ್ಲಿವೆ. ಮೊದಮೊದಲು ಇವು ಮಕ್ಕಳ ಯಾತನೆಯ ಸಾಕ್ಷ್ಯವೆಂದಷ್ಟೇ ಪ್ರಸಿದ್ಧವಾದವು. ಇವುಗಳ ಹಿಂದೆ ವ್ಯವಸ್ಥಿತವಾದ ಬೋಧನಕ್ರಮವಿದ್ದಿತೆಂಬುದು ನಂತರದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಬಹುಪಾಲು ಚಿತ್ರಗಳ ಮೇಲೆ ಮಕ್ಕಳಿಂದ ಅವರವರ ಹೆಸರನ್ನು ಬರೆಯಿಸಿದ್ದ ಕಾರಣ, ಬದುಕುಳಿಯದ ಅನೇಕ ಮಕ್ಕಳನ್ನು ಇಂದು ಅವರ ಕೃತಿಗಳಿಂದಲೇ ಗುರುತಿಸಲು ಸಾಧ್ಯವಾಗಿದೆ.

ಭಾರತದಲ್ಲಿ: ರವೀಂದ್ರನಾಥ ಠಾಕೂರರ ಶಾಂತಿನಿಕೇತನ (1901) ಮತ್ತು ನಂದಲಾಲ ಬೋಸರ ನೇತೃತ್ವದ ಕಲಾಭವನಗಳ ವೃತ್ತಾಂತ ಸುಪರಿಚಿತವಾದುದು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ (1885-1939) ಅವರನ್ನು ಇಟಲಿಯ ಶಿಕ್ಷಣತಜ್ಞೆ ಮಾಂಟೆಸ್ಸರಿಯ ಅನುಯಾಯಿಯೆಂದಷ್ಟೇ ಕರೆಯುವುದು ವಾಡಿಕೆ. ಆದರೆ ತೀರ ಎಳೆಯ ಮಕ್ಕಳಿಗೆ ಅದ್ಭುತಕಥೆಗಳು ತಕ್ಕುವಲ್ಲವೆಂಬುದು ಮಾಂಟೆಸ್ಸರಿಯ ಅಭಿಪ್ರಾಯವಾಗಿದ್ದರೆ, ಗಿಜುಭಾಯಿಯವರು ಕಥೆ ಮತ್ತು ನಾಟಕಗಳಿಗೆ ತಮ್ಮ ಶಾಲೆಯಲ್ಲಿ ಪ್ರಧಾನಸ್ಥಾನವನ್ನಿತ್ತರು. ಹೀಗೆಯೇ ಕೈಕಸುಬಿನ ಮೂಲಕ ಕಲಿಸುವ ಗಾಂಧೀಜಿಯವರ ನಯೀ ತಾಲೀಮ್ ಪದ್ಧತಿಯನ್ನು ಕೇವಲ ನೂಲುವಿಕೆಯ ಶಿಕ್ಷಣವೆಂದು ಭಾವಿಸುವವರು ಉಂಟು. ಶಾಂತಿನಿಕೇತನದಲ್ಲಿ ಕಲಿತು 1944ರಿಂದ 1962ರವರೆಗೆ ಗಾಂಧೀಜಿಯವರ ಆಶ್ರಮವಿದ್ದ ಸೇವಾಗ್ರಾಮದಲ್ಲಿ ಕಲಾಬೋಧಕರಾಗಿದ್ದ ದೇವೀಪ್ರಸಾದರು ಹಳ್ಳಿಯ ಮಕ್ಕಳ ಚಿತ್ರರಚನೆಯನ್ನು ಕುರಿತು ಹಿಂದಿಯಲ್ಲಿ ಬರೆದ ಗ್ರಂಥ ಆ ಭಾವನೆಯನ್ನು ತಿದ್ದುತ್ತದೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರರು 1949ರಲ್ಲಿ ಆರಂಭಿಸಿದ ಮಕ್ಕಳ ಸ್ಪರ್ಧೆ ಶೀಘ್ರವೇ ಅಂತರರಾಷ್ಟ್ರೀಯ ಸ್ವರೂಪವನ್ನು ಪಡೆಯಿತು.

ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ವನ್ನು ಹೊರತಂದು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಅನುಭವದಿಂದ ಪ್ರೇರಿತವಾಗಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ವ್ಯಾಪಿಸಿತು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಕಾರ್ಡುಗಳು, ಮಗುವಿನ ಕೈಗೆಟುಕುವಂತೆ ಗೋಡೆಯ ಕೆಳಭಾಗದಲ್ಲಿ ಮಾಡಿದ ಕಪ್ಪುಹಲಗೆ, ಮಕ್ಕಳ ಚಿತ್ರಗಳನ್ನು ತೂಗಿಬಿಡುವ ಕಲಿಕಾ ಚಪ್ಪರ ಇವು ಅದರ ಲಕ್ಷಣಗಳು.

ಈಚಿನ ಬೆಳವಣಿಗೆ: ಮನೋವಿಜ್ಞಾನಿ ಗಿಲ್ಫರ್ಡ್ ಸೃಜನಶೀಲತೆಯನ್ನು ಕುರಿತು 1950ರಲ್ಲಿ ಮಾಡಿದ ಭಾಷಣದ ತರುವಾಯ ಅಮೆರಿಕದಲ್ಲಿ ಅದನ್ನು ಪರೀಕ್ಷೆಗಳಿಂದ ಅಳೆಯುವ ಯತ್ನಗಳು ಹೆಚ್ಚಿದವು. ಇಟಲಿಯ ರೆಜ್ಜೊ ಎಮಿಲಿಯ ನಗರದಲ್ಲಿ ಲೋರಿಸ್ ಮಲಗುತ್ಸಿಯ ಪ್ರೇರಣೆಯಿಂದ 1963ರಿಂದ ಬೆಳೆದ ಪೌರಶಿಶುಶಾಲೆಗಳು ಪ್ರತಿ ಶಾಲೆಗೂ ಕಲಾಕಾರ್ಯಾಗಾರವನ್ನೂ ಕಲಾವಿದನನ್ನೂ ಒದಗಿಸಿ, ಮಕ್ಕಳ ಕೆಲಸವನ್ನು ದಿನದಿನವೂ ದಾಖಲಿಸುವುದನ್ನು ಬೋಧನೆಯ ಅಂಗವನ್ನಾಗಿಸಿದವು.

ಮಗುವನ್ನು ಸುಮ್ಮನೆ ಬಿಟ್ಟುದರಿಂದಲೇ ಅದರ ಸೃಜನಶಕ್ತಿ ಅರಳಿತೆಂಬುದಕ್ಕೆ ಇಲ್ಲಿ ಹೇಳಿದ ಯಾವ ನಿದರ್ಶನವೂ ಆಧಾರವಾಗುವುದಿಲ್ಲ. ಹೇಳಿ ಮಾಡಿಸಿದುದರಿಂದ ಅರಳಿತೆಂಬುದಕ್ಕೂ ಆಗುವುದಿಲ್ಲ. ಮಗುವನ್ನು ಗಮನವಿಟ್ಟು ನೋಡಬಲ್ಲ ಶಿಕ್ಷಕನಿದ್ದೆಡೆಯಲ್ಲೆಲ್ಲ ಅದು ಅರಳಿದೆ; ಚಿತ್ರಗಳನ್ನು ಜೋಪಾನ ಮಾಡಿದ ಕಡೆಗಳಲ್ಲಿ ಮಾತ್ರ ಅದರ ಚರಿತ್ರೆ ಉಳಿದಿದೆ. ಆದುದರಿಂದ ನಮ್ಮ ಶಾಲೆಗಳು ಮಕ್ಕಳ ಚಿತ್ರಗಳನ್ನು ಹೆಸರು, ವಯಸ್ಸು ಮತ್ತು ದಿನಾಂಕಗಳೊಡನೆ ಸಂರಕ್ಷಿಸಿಡುವುದು ಅತ್ಯಾವಶ್ಯಕ.