ಲಾಗ್ ಕಡತದೊಳಗೆ ಸೇರಿಕೊಂಡ ಪಾಸ್‌ವರ್ಡ್

ಕೊಕಟನೂರಿನ ರೈತರಿಗೆ ಹೊಲದ ಉತಾರ ಬೇಕಾದರೆ ಹಿಂದೆಲ್ಲ ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗತೊಡಗಿತು. ಕೊಕಟನೂರಿನವರಿಗೆ ಆ ಕಚೇರಿ ಇದ್ದದ್ದು ಅಥಣಿಯಲ್ಲಿ.

ಈ ಯೋಜನೆಯಲ್ಲಿ ಒಂದು ಸಂಗತಿಯನ್ನು ಗಮನಿಸಿ. ಗಣಕದೊಳಗೆ ಪ್ರವೇಶಿಸಲು ಸಿಬ್ಬಂದಿ ಬೆರಳಚ್ಚು ಒತ್ತಬೇಕಿತ್ತು. ಯಾರು, ಯಾವ ದಾಖಲೆ ತಿದ್ದಿದರು ಎಂಬುದು ಲಾಗ್‌ನಲ್ಲಿ ಉಳಿಯುತ್ತಿತ್ತು. ‘ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು’ ಎನ್ನುವ ನೆಪಕ್ಕೆ ಅಲ್ಲಿ ಎಡೆಯಿರಲಿಲ್ಲ.

ಲಾಗ್ ಎಂದರೆ ತಂತ್ರಾಂಶ ತಾನೇ ಬರೆದಿಡುವ ದಿನಚರಿ. ಪಾಸ್‌ವರ್ಡ್ ಬಳಸುವ ಕಡೆ ಆ ದಿನಚರಿಯಲ್ಲೇ ಪಾಸ್‌ವರ್ಡೂ ನಮೂದಾದರೆ ಏನಾದೀತು? ಅದನ್ನು ಓದಬಲ್ಲ ಯಾರೇ ಆದರೂ ಇನ್ನೊಬ್ಬರ ಹೆಸರಿನಲ್ಲಿ ಒಳಹೋಗಬಹುದು. ಆಗ ಲಾಗ್ ಸಾಕ್ಷಿಯಾಗಿ ಉಳಿಯುವುದಿಲ್ಲ.

ಪಾಸ್‌ವರ್ಡ್ ಬಯಲಾಗುವ ಕಥೆ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಎರಡು ಕಡತಗಳು ಅದಲುಬದಲಾಗಿ, ಗಣಕ ಪ್ರವೇಶಿಸಿದವರಿಗೆಲ್ಲ ಅಂದಿನ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್‌ಗಳೂ ಕಾಣಿಸಿದ್ದವು. ಪಾಸ್‌ವರ್ಡನ್ನು ಹಾಗೆಯೇ ಇಡದೆ, ಮರಳಿ ಬಿಡಿಸಲಾಗದ ಸಂಕೇತವಾಗಿ ಇಡುವ ಯುನಿಕ್ಸ್ ಪದ್ಧತಿಯನ್ನು ಮಾರಿಸ್ ಮತ್ತು ಥಾಂಪ್ಸನ್ 1979ರಲ್ಲಿ ವಿವರಿಸಿದರು. ಇದರಿಂದ ಉಗ್ರಾಣವೇನೋ ಭದ್ರವಾಯಿತು. ಆದರೆ ಬಾಗಿಲಲ್ಲಿ ಕುಳಿತು ಬಂದದ್ದನ್ನೆಲ್ಲ ಬರೆದುಕೊಳ್ಳುವ ಗುಮಾಸ್ತನೊಬ್ಬನಿದ್ದಾನಲ್ಲ!

2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಿದ್ದು ಇದೇ ಕಾರಣಕ್ಕೆ. ಸಂಕೇತವಾಗಿ ಮಾರ್ಪಡುವ ಮೊದಲೇ ಪಾಸ್‌ವರ್ಡ್ ಒಳಗಿನ ಲಾಗ್‌ಗೆ ಸೇರುತ್ತಿತ್ತು. ಫೇಸ್‌ಬುಕ್‌ನಲ್ಲೂ ಪಾಸ್‌ವರ್ಡ್‌ಗಳು ಬಯಲು ಅಕ್ಷರದಲ್ಲೇ ಉಳಿದಿದ್ದುದು 2019ರಲ್ಲಿ ಹೊರಬಿತ್ತು. ಅದಕ್ಕಾಗಿ ಐರ್ಲೆಂಡಿನ ನಿಯಂತ್ರಕರು 2024ರಲ್ಲಿ ಮೆಟಾ ಕಂಪನಿಗೆ 9.1 ಕೋಟಿ ಯೂರೋ ದಂಡ ಹಾಕಿದರು.

ದುರುದ್ದೇಶವಿಲ್ಲದೆಯೂ ಹೀಗಾಗುತ್ತದೆ. ದೋಷ ಹುಡುಕುವ ಅವಸರದಲ್ಲಿ ಪ್ರೋಗ್ರಾಮರ್ ಬಂದ ಕೋರಿಕೆಯನ್ನು ಇಡಿಯಾಗಿ ಲಾಗ್‌ಗೆ ಬರೆಸುತ್ತಾನೆ, ಆಮೇಲೆ ಆ ಸಾಲನ್ನು ಅಳಿಸಲು ಮರೆಯುತ್ತಾನೆ. ಗುಟ್ಟಿನ ಮಾಹಿತಿಯನ್ನು ಗೆಟ್ ವಿಧಾನದಲ್ಲಿ ಕಳಿಸಿದರೆ ಅದು ವೆಬ್ ವಿಳಾಸದೊಳಗೇ ಸೇರಿ ಸರ್ವರ್ ಲಾಗ್‌ನಲ್ಲಿ ಉಳಿಯುತ್ತದೆ. 1999ರ ಎಚ್‌ಟಿಟಿಪಿ ನಿಯಮಾವಳಿಯೇ ಇದರ ಬಗ್ಗೆ ಎಚ್ಚರಿಸಿತ್ತು. ಇನ್ನೊಂದು ತಮಾಷೆ ನೋಡಿ: ನಾವು ಅವಸರದಲ್ಲಿ ಹೆಸರಿನ ಜಾಗದಲ್ಲೇ ಪಾಸ್‌ವರ್ಡ್ ಒತ್ತಿಬಿಡುತ್ತೇವೆ. ಆದ್ದರಿಂದಲೇ ಲಿನಕ್ಸ್‌ನಲ್ಲಿ, ಪ್ರವೇಶ ವಿಫಲವಾದಾಗ ಅಪರಿಚಿತ ಹೆಸರನ್ನು ಲಾಗ್‌ನಲ್ಲಿ ಬರೆಯಬೇಕೇ ಬೇಡವೇ ಎಂದು ತೀರ್ಮಾನಿಸಲು ಪ್ರತ್ಯೇಕ ಆಯ್ಕೆಯೊಂದಿದೆ.

ನೀವು ತಂತ್ರಾಂಶ ಬರೆಯುವವರಾದರೆ ಇಡೀ ಕೋರಿಕೆಯ ಬದಲು ಬೇಕಾದ ಅಂಶಗಳನ್ನಷ್ಟೇ ಲಾಗ್‌ಗೆ ಕೊಡಿ. ಪಾಸ್‌ವರ್ಡ್, ಟೋಕನ್‌ಗಳಿರುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಬರಲಿ. ನಂತರ ಎಲ್ಲೂ ಇಲ್ಲದ ವಿಚಿತ್ರ ಪದವೊಂದನ್ನು ಪಾಸ್‌ವರ್ಡಾಗಿ ಒತ್ತಿ, ಎಲ್ಲ ಲಾಗ್ ಕಡತಗಳಲ್ಲೂ ಅದನ್ನು ಹುಡುಕಿ. ಬೇಕೆಂದೇ ದೋಷ ಬರಿಸಿ ಇನ್ನೊಮ್ಮೆ ಹುಡುಕಿ. ದೋಷ ಬಂದಾಗ ತಂತ್ರಾಂಶ ಬರೆಯುವ ಲಾಗ್ ಸಾಮಾನ್ಯವಾಗಿ ಹೆಚ್ಚು ಉದ್ದವಾಗಿರುತ್ತದೆ.