ನೆರಿಗೆ ಕಳ್ಳಿಗೆ ಎರಡು ಹೆಸರು

ಸೀರೆಯ ನೆರಿಗೆಗಳನ್ನು ಒತ್ತೊತ್ತಾಗಿ ಹಿಡಿದು ಚೆಂಡಿನಂತೆ ಸುತ್ತಿಟ್ಟರೆ ಹೇಗೆ ಕಂಡೀತು? ಮೆಕ್ಸಿಕೋ ದೇಶದ ಒಣ ಹುಲ್ಲುಗಾವಲುಗಳಲ್ಲಿ ಅಂಥದ್ದೊಂದು ಕಳ್ಳಿ ಬೆಳೆಯುತ್ತದೆ. ಗಾತ್ರದಲ್ಲಿ ಸಾಮಾನ್ಯವಾಗಿ ಸುಮಾರು ಒಂದು ಮೂಸಂಬಿಯಷ್ಟು. ಮೈತುಂಬ ಕಾಗದದಷ್ಟು ತೆಳುವಾದ, ಅಲೆಯಲೆಯಾದ ಏಣುಗಳು. ಸಾಮಾನ್ಯವಾಗಿ ಮೂವತ್ತರಿಂದ ಅರವತ್ತು ಏಣುಗಳಿದ್ದರೆ, ಒಂದು ಪ್ರಭೇದದಲ್ಲಿ ಅವು ನೂರನ್ನೂ ದಾಟುತ್ತವೆ. ನೋಡಲು ಮಿದುಳಿನಂತಿರುವುದರಿಂದ 'ಮಿದುಳು ಕಳ್ಳಿ' ಎಂದು ಕರೆಯುವವರೂ ಇದ್ದಾರೆ.

ಈ ನೆರಿಗೆ ಬರಿಯ ಅಲಂಕಾರವಲ್ಲ. ಮಳೆ ಬಂದಾಗ ಗಿಡ ನೀರು ಕುಡಿದು ಹಾರ್ಮೋನಿಯಂ ತಿದಿಯಂತೆ ಹಿಗ್ಗುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ. ತೊಗಲು ಹರಿಯುವುದಿಲ್ಲ. ಒಂದು ಏಣಿನ ನೆರಳು ಪಕ್ಕದ ಏಣಿನ ಮೇಲೆ ಬೀಳುತ್ತದೆ. ಇನ್ನು ಮುಳ್ಳಿನ ವಿಷಯ. ಸುತ್ತಲಿನವು ಸೂಜಿಯಂತೆ ಸಣ್ಣವು. ನಡುವಿನವು ಉದ್ದನೆಯ, ಚಪ್ಪಟೆಯಾದ ಅಲಗುಗಳು. ಅವು ನೆತ್ತಿಯತ್ತ ಬಾಗಿ ಒಂದರ ಮೇಲೊಂದು ಹೆಣೆದುಕೊಂಡರೆ ಒಣಹುಲ್ಲಿನ ನಡುವೆ ಗಿಡವೇ ಕಾಣದು. ವಸಂತದ ಆರಂಭದಲ್ಲಿ ನೆತ್ತಿಯ ಮೇಲೆ ಬಿಳಿ ಅಥವಾ ನಸುಗೆಂಪು ಎಸಳುಗಳ, ನಡುವೆ ನೇರಳೆ ಗೆರೆಯುಳ್ಳ ಪುಟ್ಟ ಹೂಗಳು ಬಿಡುತ್ತವೆ.

ತಮಾಷೆಯೆಂದರೆ, ಎಳೆಯ ಸಸಿಯಲ್ಲಿ ಈ ನೆರಿಗೆಯೇ ಇರುವುದಿಲ್ಲ. ಗಂಟು ಗಂಟಾದ ಉಬ್ಬುಗಳಷ್ಟೇ ಇರುತ್ತವೆ. ಬೆಳೆದ ಮೇಲೂ ಒಂದೇ ಗುಡ್ಡದ ಎರಡು ಗಿಡಗಳ ಏಣು, ಮುಳ್ಳುಗಳು ಒಂದೇ ಬಗೆಯಾಗಿರಬೇಕೆಂದಿಲ್ಲ. ಕಳೆದ ಶತಮಾನಗಳ ಯುರೋಪಿನ ಸಂಗ್ರಾಹಕರು ಎಡವಿದ್ದು ಇಲ್ಲಿಯೇ. ಏಣು ಎಣಿಸುವುದು, ಮುಳ್ಳು ಅಳೆಯುವುದು, ಚೂರು ವ್ಯತ್ಯಾಸ ಕಂಡರೆ ಹೊಸ ಪ್ರಭೇದವೆಂದು ಹೆಸರಿಡುವುದು. ಹೀಗೆ ಹೆಸರುಗಳ ರಾಶಿಯೇ ಬಿದ್ದಿತು.

ಕುಲದ ಹೆಸರಿನದು ಇನ್ನೂ ದೊಡ್ಡ ರಗಳೆ. 1841ರಲ್ಲಿ ಲಂಡನ್ ಬಳಿಯ ಹೆಂಡನ್‌ನಲ್ಲಿ ಪಾದ್ರಿ ಥಿಯೊಡೋರ್ ವಿಲಿಯಮ್ಸ್ ಅವರ ಕಳ್ಳಿ ಸಂಗ್ರಹದ ಪಟ್ಟಿ 'ಗಾರ್ಡನರ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪಟ್ಟಿ ಮಾಡಿದವನು ಅವರ ತೋಟಗಾರ ಜಾರ್ಜ್ ಲಾರೆನ್ಸ್. ಅವನಿಟ್ಟ ಹೆಸರು 'ಎಕಿನೋಫಾಸುಲೊಕ್ಯಾಕ್ಟಸ್': ಮುಳ್ಳಿಲಿ, ಪುಟ್ಟ ಕಾಲುವೆ, ಕಳ್ಳಿ ಮೂರೂ ಸೇರಿದ ಪದ! ಆದರೆ ಲಾರೆನ್ಸನ ಗುಂಪಿನಲ್ಲಿ ಇವಕ್ಕೆ ಸಂಬಂಧವಿಲ್ಲದ ದೈತ್ಯ ಪೀಪಾಯಿ ಕಳ್ಳಿಯೂ ಸೇರಿಕೊಂಡಿತ್ತು. 1898ರಲ್ಲಿ ಜರ್ಮನಿಯ ಕಾರ್ಲ್ ಶುಮಾನ್ ಇವನ್ನು 'ಸ್ಟೆನೊಕ್ಯಾಕ್ಟಸ್', ಅಂದರೆ 'ಕಿರಿದಾದ ಕಳ್ಳಿ' ಎಂಬ ಉಪಕುಲವಾಗಿಸಿದರು. ಅಮೆರಿಕದ ಬ್ರಿಟನ್ ಮತ್ತು ರೋಸ್ 1922ರಲ್ಲಿ ಲಾರೆನ್ಸನ ಹೆಸರನ್ನೇ ಮತ್ತೆ ಎತ್ತಿಕೊಂಡರು. ಆ ಹೆಸರು ನಿಜಕ್ಕೂ ಯಾವ ಗಿಡದ ಸೊತ್ತು ಎಂಬ ವಾದ ದಶಕಗಳ ಕಾಲ ನಡೆಯಿತು. ಈಗ ಸಸ್ಯಶಾಸ್ತ್ರಜ್ಞರು ಹೆಚ್ಚಾಗಿ ಒಪ್ಪಿರುವುದು ಸ್ಟೆನೊಕ್ಯಾಕ್ಟಸ್. ಪುಣ್ಯಕ್ಕೆ ನಾಲಿಗೆಗೂ ಅದೇ ಹಗುರ.

ಹೆಸರು ಹೆಚ್ಚಿದಷ್ಟೂ ಸಂಗ್ರಾಹಕರ ಆಸೆ ಹೆಚ್ಚುವುದು ಸಹಜ. 'ಅಪರೂಪದ್ದು' ಎಂಬ ಚೀಟಿಯಿದ್ದರೆ ಬೆಟ್ಟದಿಂದ ಗಿಡ ಕಿತ್ತು ತರುವವರಿಗೂ ಲಾಭವೇ. ಮೂಸಂಬಿಯಷ್ಟಾಗಲು ವರ್ಷಗಳೇ ಹಿಡಿಯುವ ಗಿಡವನ್ನು ಕೀಳಲು ಒಂದು ನಿಮಿಷ ಸಾಕು. 1975ರಲ್ಲಿ ಜಾರಿಗೆ ಬಂದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಇಂದು ಹೆಚ್ಚುಕಡಿಮೆ ಇಡೀ ಕಳ್ಳಿ ಕುಟುಂಬವನ್ನೇ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಹೀಗಾಗಿ ಗಿಡದ ಹೆಸರು ಎಕಿನೋಫಾಸುಲೊಕ್ಯಾಕ್ಟಸ್ ಎಂದು ಬರೆದಿರಲಿ, ಸ್ಟೆನೊಕ್ಯಾಕ್ಟಸ್ ಎಂದಿರಲಿ, ಗಡಿ ದಾಟಿಸಲು ಪರವಾನಗಿ ಬೇಕೇ ಬೇಕು.