ಹೊಸಕೋಟೆಯ ಒಂದು ಇರುಳು

“ಗುಂಡು ಹಾಳು ಮಾಡಬೇಡಿ ಮಾವ, ಪಕ್ಕದಲ್ಲಿ ನುಸುಳಿಕೊಂಡು ಓಡಿ” ಎಂದು ನನ್ನ ತಂಗಿಯ ಮಗ ಕೂಗಿಕೊಳ್ಳುವ ಹೊತ್ತಿಗೆ ನಾನು ಹಾಳು ಮಾಡಿ ಆಗಿತ್ತು. ಎದುರಿನ ಪರದೆಯ ಮೇಲೆ ಒಂದು ಪಾಳು ಬಂಗಲೆ. ಅದರ ಓಣಿಯಲ್ಲಿ ಕಾಲೆಳೆಯುತ್ತ ಬರುತ್ತಿದ್ದ ಒಂದು ಹೆಣ. ನನ್ನ ವಶದಲ್ಲಿ ಒಂದು ಪಿಸ್ತೂಲು. ಹೆದರಿಕೆಯಲ್ಲಿ ಇದ್ದಬದ್ದ ಗುಂಡುಗಳನ್ನೆಲ್ಲ ಆ ಒಂದು ಹೆಣದ ಮೇಲೆಯೇ ಸುರಿದುಬಿಟ್ಟೆ. ಅರ್ಧಕ್ಕರ್ಧ ಗೋಡೆಯ ಪಾಲಾದುವು. ಮುಂದಿನ ಬಾಗಿಲು ತೆರೆದರೆ ಅಲ್ಲಿ ಇನ್ನೂ ಎರಡು ನಿಂತಿದ್ದುವು. ನನಗೆ ಉಳಿದದ್ದು ಒಂದು ಚೂರಿ.

ಜಪಾನಿನ ಕ್ಯಾಪ್‌ಕಾಮ್ ಕಂಪೆನಿ 1996ರಲ್ಲಿ ಹೊರತಂದ ಈ ಆಟದ ಹೆಸರು ‘ರೆಸಿಡೆಂಟ್ ಈವಿಲ್’. ಇದನ್ನು ನಿರ್ದೇಶಿಸಿದಾತ ಶಿಂಜಿ ಮಿಕಾಮಿ. ಇದಕ್ಕೂ ಹಿಂದೆ ಅದೇ ಕಂಪೆನಿಯ ‘ಸ್ವೀಟ್ ಹೋಮ್’ 1989ರಲ್ಲಿಯೂ, ಫ್ರಾನ್ಸಿನಲ್ಲಿ ತಯಾರಾದ ‘ಅಲೋನ್ ಇನ್ ದ ಡಾರ್ಕ್’ 1992ರಲ್ಲಿಯೂ ಬಂದಿದ್ದುವು. ಇತರ ಕಾಳಗದ ಆಟಗಳಲ್ಲಿ ಎಷ್ಟು ಕೊಂದರೆ ಅಷ್ಟು ಜಾಣ. ಈ ಜಾತಿಯ ಆಟಗಳಲ್ಲಿ ಕೊಲ್ಲದೆ ದಾಟಿದವನೇ ಜಾಣ. ಕೈಚೀಲದಲ್ಲಿ ಗಂಡಾಳಿಗೆ ಆರು ಖಾನೆ, ಹೆಣ್ಣಾಳಿಗೆ ಎಂಟು; ಗುಂಡೂ ಗಾಯಕ್ಕೆ ಹಚ್ಚುವ ಸೊಪ್ಪೂ ಅಷ್ಟರಲ್ಲಿಯೇ ಅಡಗಬೇಕು. ನಮ್ಮ ಭಾಷೆ ಎರಡನ್ನೂ ‘ಮದ್ದು’ ಎಂದೇ ಕರೆದಿದೆಯಲ್ಲ ಎಂದು ನನಗೆ ನಗು ಬಂತು. ಒಂದು ಮದ್ದಿಗೆ ಜಾಗ ಕೊಟ್ಟರೆ ಇನ್ನೊಂದಕ್ಕೆ ಇಲ್ಲ!

“ಇಂಥ ಆಟ 1768ರಲ್ಲಿಯೇ ನಮ್ಮ ಹೊಸಕೋಟೆಯಲ್ಲಿ ನಡೆದಿತ್ತು ಕಣೋ” ಎಂದೆ. ಅವನು ನಂಬಲಿಲ್ಲ. ಅವನ ವಯಸ್ಸಿನವರಿಗೆ ಹೊಸಕೋಟೆ ಎಂದರೆ ಬೆಳಗಿನ ಜಾವ ಎದ್ದು ಹೋಗಿ ಸಾಲಿನಲ್ಲಿ ನಿಂತು ತಿನ್ನುವ ಬಿರಿಯಾನಿ. ಆಗಲಿ, ಅದೇ ನೆಪವಾಗಲಿ ಎಂದು ಒಂದು ಭಾನುವಾರ ಕತ್ತಲಿರುವಾಗಲೇ ಹೊರಟೆವು. ಅವನ ಕೆಲಸ ಮುಗಿದ ಮೇಲೆ ಕೆರೆಯ ಏರಿಯ ಮೇಲೆ ನಿಂತು ನಾನು ಹೇಳಿದ ಕಥೆಯನ್ನೇ ಇಲ್ಲಿಯೂ ಹೇಳುತ್ತಿದ್ದೇನೆ.

ಸುಗಟೂರಿನ ತಮ್ಮೇಗೌಡ 1595ರ ಸುಮಾರಿನಲ್ಲಿ ಕಟ್ಟಿಸಿದ ಹೊಸ ಕೋಟೆಯಿಂದ ಊರಿಗೆ ಈ ಹೆಸರು. ದಕ್ಷಿಣ ಪಿನಾಕಿನಿಯ ನೀರಿನ ಈ ದೊಡ್ಡ ಕೆರೆಯೂ ಅವನದೇ ಎನ್ನುತ್ತಾರೆ. 1761ರಲ್ಲಿ ಹೈದರಾಲಿ ಬಸಾಲತ್ ಜಂಗನೊಡನೆ ಸೇರಿ ಈ ಕೋಟೆಯನ್ನು ಹಿಡಿದ. ಏಳು ವರ್ಷದ ಮೇಲೆ, ಮೊದಲನೆಯ ಮೈಸೂರು ಯುದ್ಧದಲ್ಲಿ, ಕರ್ನಲ್ ಜೋಸೆಫ್ ಸ್ಮಿತ್ತನ ಇಂಗ್ಲಿಷ್ ಸೇನೆ ಬೆಂಗಳೂರಿನ ಮೇಲೆ ಕಣ್ಣಿಟ್ಟು ಇಲ್ಲಿಗೆ ಬಂತು. ಇಂಗ್ಲಿಷರ ಕಾಗದಪತ್ರಗಳಲ್ಲಿ ಊರಿನ ಹೆಸರು ‘ಊಸ್ಕೋಟಾ’ ಎಂದಾಗಿದೆ. ಅವರ ನಾಲಗೆಗೆ ಸಿಕ್ಕಿ ನಮ್ಮ ಯಾವ ಊರು ತಾನೇ ನೆಟ್ಟಗೆ ಉಳಿದಿದೆ? ಗುತ್ತಿಯ ಮರಾಠಾ ದೊರೆ ಮುರಾರಿರಾವ್ ಘೋರ್ಪಡೆ ತನ್ನ ಕುದುರೆಪಡೆಯೊಡನೆ ಬಂದು ಸ್ಮಿತ್ತನಿಗೆ ಜೊತೆಯಾದ. ಆದರೆ ಬಿಡಾರ ಹೂಡಿದ್ದು ಮಾತ್ರ ಇಂಗ್ಲಿಷರಿಂದ ಸ್ವಲ್ಪ ದೂರದಲ್ಲಿ, ಬೇರೆಯಾಗಿ.

ಹೈದರನಿಗೆ ಬೇಕಾಗಿದ್ದುದೂ ಅದೇ. ಇಂಗ್ಲಿಷರು ಎದ್ದು ಸಹಾಯಕ್ಕೆ ಬರುವುದರೊಳಗೆ ಮರಾಠರ ಬಿಡಾರವನ್ನು ತುಳಿದು ಹಾಕಬೇಕೆಂದು 1768ರ ಆಗಸ್ಟ್ 22ರ ರಾತ್ರಿ ಕುದುರೆಪಡೆಯನ್ನು ಮುಂದೆ ಬಿಟ್ಟು, ಹಿಂದೆ ಕಾಲಾಳುಗಳನ್ನು ನಡೆಸಿದ.

ಇಲ್ಲಿ ಆಗಿನ ಕೋವಿಯ ವಿಷಯ ಎರಡು ಮಾತು ಹೇಳಬೇಕು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಕೋವಿಯ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ, ಉಳಿದದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಸಲಾಕೆಯಿಂದ ಗಿಡಿದು, ಆಮೇಲೆ ಚಕಮಕಿ ಕಲ್ಲಿನ ಕಿಡಿಗೆ ಬಿಡಬೇಕು. ಚೆನ್ನಾಗಿ ಪಳಗಿದ ಸಿಪಾಯಿ ಹಗಲಿನಲ್ಲಿ ಮಾಡಿದರೆ ನಿಮಿಷಕ್ಕೆ ಎರಡು ಮೂರು ಸಲ. ನೂರು ಗಜದ ಆಚೆ ಗುರಿ ಎಂಬುದು ದೇವರ ಚಿತ್ತ. ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ಡೇರೆಗಳ ಹಗ್ಗ ಕಾಲಿಗೆ ತೊಡರುವ ಕಡೆ ಆ ಒಂದು ಹೊಡೆತ ಹಾಳಾದರೆ ಇನ್ನೊಂದಕ್ಕೆ ವೇಳೆಯಿಲ್ಲ. ಅದು ಹಾಳಾಗುವುದು ಬಹುಮಟ್ಟಿಗೆ ಪಕ್ಕದ ಗೆಳೆಯನ ಮೈಮೇಲೆಯೇ. ನಮ್ಮ ಹುಡುಗನ ಆಟದಲ್ಲಿ ಹೆದರುವವನು ಒಬ್ಬ. ಬಿಡಾರದಲ್ಲಿ ಒಬ್ಬ ಹೆದರಿ ಕೋವಿ ಹಾರಿಸಿದರೆ ಆ ಸದ್ದಿಗೇ ನೂರು ಜನ ಹಾರಿಸುತ್ತಾರೆ.

ಮುರಾರಿರಾಯ ಕೊಟ್ಟ ಅಪ್ಪಣೆ ಬಹಳ ಸಣ್ಣದು: ತನ್ನವರು ಯಾರೂ ಕುದುರೆ ಹತ್ತಕೂಡದು. ಪ್ರತಿಯೊಬ್ಬನೂ ಕಟ್ಟಿದ ತನ್ನ ಕುದುರೆಯ ತಲೆಯ ಬಳಿ ನಿಂತಿರತಕ್ಕದ್ದು. ಅಲ್ಲಿಗೆ ಕುದುರೆಯ ಮೇಲೆ ಕಂಡವನೆಲ್ಲ ಹಗೆ. ಮುಖ ನೋಡಬೇಕಾಗಿಲ್ಲ, ಭಾಷೆ ಕೇಳಬೇಕಾಗಿಲ್ಲ. ಕತ್ತಲೆಯ ಆಕಾಶಕ್ಕೆ ಎದುರಾಗಿ ಎತ್ತರದಲ್ಲಿ ಕಂಡ ಆಕಾರಕ್ಕೆ ಹೊಡೆದರೆ ಸಾಕು. ಕುದುರೆ ಸವಾರಿಯಲ್ಲಿಯೇ ಹುಟ್ಟಿ ಬೆಳೆದ ಜನಕ್ಕೆ ಹತ್ತಬೇಡಿ ಎನ್ನುವುದೂ, ಅವರು ಆ ಮಾತನ್ನು ನಡೆಸುವುದೂ ಸುಲಭವಲ್ಲ. ಅಪಾಯವೂ ಇತ್ತು. ಆ ಅಪ್ಪಣೆಗೆ ಕಣ್ಣಿಲ್ಲ; ಸಹಾಯಕ್ಕೆಂದು ಕುದುರೆಯೇರಿ ಬಂದ ಸ್ನೇಹಿತನನ್ನೂ ಅದು ಬಿಡಲಾರದು.

ಇದನ್ನೆಲ್ಲ ಬರೆದಿಟ್ಟವನು ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಗದ್ದಲದಲ್ಲಿ ಮುರಾರಿರಾಯನ ಪಟ್ಟದಾನೆ ಗಾಯಗೊಂಡು ಗೂಟ ಕಿತ್ತುಕೊಂಡಿತಂತೆ. ತನ್ನ ಸರಪಳಿಯನ್ನೇ ಸೊಂಡಿಲಿನಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬೀಸುತ್ತ ಹೈದರನ ಸವಾರರ ಮೇಲೆ ನುಗ್ಗಿತಂತೆ. ಸವಾರರು ಹಿಂದೆ ಸರಿದು ತಮ್ಮದೇ ಕಾಲಾಳುಗಳ ಮೇಲೆ ಬಿದ್ದರು. ದಾಳಿ ಮುರಿಯಿತು. ಈ ಕಾಳಗವನ್ನು ನೆನೆಯುವವರು ಆನೆಯನ್ನೇ ನೆನೆಯುತ್ತಾರೆ. ನನ್ನ ಅಳಿಯನೂ ಕಣ್ಣರಳಿಸಿದ್ದು ಅಲ್ಲಿಯೇ. ನನಗೆ ಮಾತ್ರ ಅಪ್ಪಣೆಯೇ ಹೆಚ್ಚಾಗಿ ಕಾಣುತ್ತದೆ. ಆನೆ ಅದೃಷ್ಟ; ಅಪ್ಪಣೆ ಬುದ್ಧಿ. ಸವಾರರು ಬಿಡಾರದ ಆ ಬದಿಗೆ ಹಾಯ್ದು ಹೋಗಿದ್ದರೆ ಆನೆಗೆ ಬೀಸಲು ಎದುರಿಗೆ ಯಾರಿರುತ್ತಿದ್ದರು?

ಹೈದರ್ ನಮ್ಮವನೆಂದು ಎಣಿಸುವ ನಮಗೆ ಇದು ಸೋಲಿನ ಕಥೆ. ಅದಕ್ಕೇ ಹೊಸಕೋಟೆಯಲ್ಲಿ ಇದನ್ನು ಹೇಳುವವರು ಕಡಮೆ ಎಂದು ಕಾಣುತ್ತದೆ. ಅದೇ ವರ್ಷ ಅಕ್ಟೋಬರ್ 4ರಂದು ಮುಳಬಾಗಿಲಿನಲ್ಲಿಯೂ ಹೀಗೆಯೇ ಆಯಿತು. ಹೈದರನ ಮುಂದೆ ಕರ್ನಲ್ ವುಡ್ಡನ ಪಡೆ ಸೋತು ಸುಣ್ಣವಾಗುತ್ತಿದ್ದಾಗ ಕ್ಯಾಪ್ಟನ್ ಬ್ರೂಕ್ ಎಂಬವನು ಎರಡು ಫಿರಂಗಿಗಳನ್ನು ಒಂದು ಬಂಡೆಯ ಮೇಲಕ್ಕೆ ಎಳೆಸಿ, ಹೊಡೆಯುತ್ತಲೇ “ಸ್ಮಿತ್! ಸ್ಮಿತ್!” ಎಂದು ತನ್ನವರಿಂದ ಕೂಗಿಸಿದ. ಸ್ಮಿತ್ತನ ಸೇನೆ ಬಂದೇ ಬಿಟ್ಟಿತೆಂದು ಮೈಸೂರಿನವರು ಹಿಂಜರಿದರು. ಆ ಕೂಗಿಗೆ ಒಂದು ಚಿಟಿಕೆ ಮದ್ದೂ ಖರ್ಚಾಗಲಿಲ್ಲ. ಆದರೆ ಇಂಥ ಉಪಾಯಗಳನ್ನು ಕಂಡು ಕಲಿಯದವನಲ್ಲ ಹೈದರ್. ಇದಿರಿನ ದೊಡ್ಡ ಕಾಳಗಗಳನ್ನು ಬಿಟ್ಟು, ಶತ್ರುವಿನ ಎತ್ತು, ಅಕ್ಕಿ, ಮದ್ದಿನ ಬಂಡಿಗಳ ಹಿಂದೆ ಬಿದ್ದ. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ನಿಂತು ತನ್ನ ಷರತ್ತಿನ ಮೇಲೆ ಒಪ್ಪಂದ ಮಾಡಿಕೊಂಡ.

ಮುರಾರಿರಾಯನ ಲೆಕ್ಕವನ್ನೂ ಅವನು ಮರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಗುತ್ತಿಯ ಗುಡ್ಡದ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯಲ್ಲಿ ಮದ್ದುಗುಂಡಿಗಿಂತ ಮೊದಲು ಮುಗಿಯುತ್ತ ಬಂದದ್ದು ಕುಡಿಯುವ ನೀರು. ಸಂಧಿಯ ಮಾತುಕತೆ ನಡೆಯಿತು, ಹೈದರ್ ಹಿಂದಿರುಗುವುದರಲ್ಲಿದ್ದ. ಅಷ್ಟರಲ್ಲಿ, ವಿಲ್ಕ್ಸ್ ಹೇಳುವಂತೆ, ಒತ್ತೆಯಾಗಿ ಬಂದಿದ್ದ ಒಬ್ಬ ತರುಣನ ಬಾಯಿಂದ ಒಳಗಿನ ನೀರು ಇನ್ನೆಷ್ಟು ದಿನಕ್ಕೆ ಎಂಬ ಗುಟ್ಟು ಹೊರಬಿತ್ತು. ಮಾತುಕತೆ ಮುರಿಯುವುದಕ್ಕೆ ನೆಪ ಹುಡುಕುವುದು ಹೈದರನಿಗೆ ಕಷ್ಟವಾಗಲಿಲ್ಲ. 1776ರಲ್ಲಿ ಮುರಾರಿರಾಯ ಶರಣಾದ. ಕನಕಪುರದ ಕಡೆಯ ಕಬ್ಬಾಳದುರ್ಗದ ಸೆರೆಯಲ್ಲಿ ಸತ್ತ.

ಏರಿಯ ಮೇಲೆ ಬಿಸಿಲು ಏರತೊಡಗಿತ್ತು. ಅಳಿಯ ಕೆರೆಯ ಕಡೆ ನೋಡುತ್ತ, “ಅವನು ಎಷ್ಟು ದಿನ ಎಂದ ಮಾವ?” ಎಂದು ಕೇಳಿದ. “ಮೂರು” ಎಂದೆ.